ಡಿ.ಫಾರ್ಮ ಹೊಸ ನಿಯಮ ಈಗಲೇ ಜಾರಿಯಾ?

ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಕೋರ್ಸಿಗೆ ಹೊಸ ನಿಯಮ ಬಂದಿದೆ ಅಂತ ಕಾಲೇಜು ಒಂದು ಪಿಡಿಎಫ್ ತೋರಿಸಿ ಹೆಚ್ಚುವರಿ ಫೀ ಕೇಳುತ್ತಿದೆ ಅಂದಿರಿ. ಅದು ಬಹುಶಃ ಬರೀ ಕರಡು. ಫಾರ್ಮಸಿ ಕೌನ್ಸಿಲ್ (ಫಾರ್ಮಸಿ ಶಿಕ್ಷಣದ ನಿಯಮ ರೂಪಿಸುವ ಕೇಂದ್ರ ಸಂಸ್ಥೆ) ಒಪ್ಪಿದ ಮಾತ್ರಕ್ಕೆ ಕೋರ್ಸಿನ ನಿಯಮ ಜಾರಿಗೆ ಬರುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಕರಡು ಮೊದಲು ಎಲ್ಲ ರಾಜ್ಯ ಸರ್ಕಾರಗಳಿಗೆ ಹೋಗಬೇಕು. 3 ತಿಂಗಳೊಳಗೆ ಬಂದ ಅಭಿಪ್ರಾಯಗಳನ್ನು ಕೌನ್ಸಿಲ್ ಪರಿಗಣಿಸಬೇಕು. ಆಮೇಲೆ ಕೇಂದ್ರ ಸರ್ಕಾರ ಒಪ್ಪಬೇಕು, ಸರ್ಕಾರದ ಅಧಿಕೃತ ಪತ್ರಿಕೆಯಾದ ಗೆಜೆಟ್‌ನಲ್ಲಿ ಅಚ್ಚಾಗಬೇಕು.

ಮೊದಲು ನಿಮ್ಮ ಪಿಡಿಎಫ್‌ನ ಮೊದಲ ಪುಟ ನೋಡಿ. ಮೇಲ್ಗಡೆ ಸಿಂಹದ ಲಾಂಛನ, ಗೆಜೆಟ್ ಸಂಖ್ಯೆ, ದಿನಾಂಕ ಇದೆಯಾ? ಅದರ ಬದಲು ‘ಗೆಜೆಟ್‌ನಲ್ಲಿ ಪ್ರಕಟವಾಗಬೇಕಿದೆ’ ಅನ್ನುವ ಅರ್ಥದ ಇಂಗ್ಲಿಷ್ ಸಾಲಿದ್ದರೆ ಅದು ಗೆಜೆಟ್ ಪ್ರತಿಯಲ್ಲ, ಬಹುಶಃ ಇನ್ನೂ ಕರಡೇ. ನನ್ನ ತಂಗಿಗೆ ಕೊಟ್ಟ ಪ್ರತಿಯಲ್ಲಿ ಇದ್ದಿದ್ದು ಅದೇ ಸಾಲು. ಪುಟ ಕತ್ತರಿಸಿ ಕಳಿಸಿದ್ದರೆ ನಂಬಬೇಡಿ, ಇ-ಗೆಜೆಟ್ ಜಾಲತಾಣದಲ್ಲಿ ಭಾಗ 3, ವಿಭಾಗ 4ರಲ್ಲಿ ಹುಡುಕಿ. ಕೌನ್ಸಿಲ್‌ನ ನಿಯಮಗಳು ಅಲ್ಲೇ ಬರುತ್ತವೆ.

ಸಿಕ್ಕರೆ ‘ಯಾವ ವರ್ಷ ಸೇರಿದವರಿಗೆ’ ಅನ್ನುವುದನ್ನೂ ಓದಿ. ಹಳೇ ಬ್ಯಾಚಿಗೆ ಅನ್ವಯವಾಗುತ್ತದಾ ಅನ್ನುವುದು ಆ ಸಾಲಿನ ಮೇಲೆ ನಿಂತಿದೆ, ಪ್ರತಿ ನೋಡದೆ ನಾನು ಹೇಳಲಾರೆ.

ಸಿಗದಿದ್ದರೆ ಸುಮ್ನೆ ಹೆಚ್ಚುವರಿ ಫೀ ಕಟ್ಟಬೇಡಿ. ಗೆಜೆಟ್ ದಿನಾಂಕ ಕೇಳಿ ಪ್ರಿನ್ಸಿಪಾಲರಿಗೆ ಪತ್ರ ಕೊಡಿ, ನಕಲಿನ ಮೇಲೆ ಕಚೇರಿಯ ಸೀಲ್ ಹಾಕಿಸಿಕೊಳ್ಳಿ.