ಸಹಿ ಕೆಳಗಿನ ಎರಡು ಪದ

ಪತ್ರ: ಹೋದ ಸಂಚಿಕೆಯ ಕ್ಯಾನ್ಸರ್ ಲೇಖನ ಓದಿದೆ. ಡಾಕ್ಟರು, ನರ್ಸು ಎಲ್ಲರೂ ಇದ್ದಾರೆ, ಆಸ್ಪತ್ರೆಯ ಸೋಶಿಯಲ್ ವರ್ಕರ್‌ಗಳಾದ ನಮ್ಮ ಸುದ್ದಿಯೇ ಇಲ್ಲ. ನಾನು ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಸೇರಿದಾಗ ಇದ್ದ ಹುದ್ದೆಯೇ ಈಗಲೂ. ಎರಡು ದಿನದ ತರಬೇತಿಗೆ ರಜೆ ಕೇಳಿದರೆ ‘ಮಾತಾಡೋದಕ್ಕೂ ಟ್ರೇನಿಂಗ್ ಬೇಕಾ?’ ಅಂದರು. ಹೋದ ತಿಂಗಳು ನನ್ನ ಡೈರಿಯಲ್ಲಿ ತೀರಿಕೊಂಡ ಹನ್ನೊಂದು ರೋಗಿಗಳ ಹೆಸರು ಹೊಡೆದುಹಾಕಿದೆ. ಸೇವೆಗೆ ಬಂದವಳು ಬಡ್ತಿ, ಬೆಳವಣಿಗೆ ಅಂತ ಕೇಳೋದು ಸ್ವಾರ್ಥವಾ?
— ಹೆಸರು ಬೇಡ, ಸಮಾಜ ಸೇವಕಿ, ಬೆಂಗಳೂರು

ಉತ್ತರ: ಆ ಲೇಖನದಲ್ಲಿ ನಿಮ್ಮವರು ಇಲ್ಲದ್ದು ನನ್ನ ತಪ್ಪು. ಕೊನೆಯ ಪ್ರೂಫ್ ನೋಡಿದವನು ನಾನೇ. ಆದರೆ ನಿಮ್ಮ ಮೇಲೂ ನನಗೊಂದು ಸಿಟ್ಟಿದೆ. ಸಹಿ ಕೆಳಗೆ ‘ಸಮಾಜ ಸೇವಕಿ’ ಅಂತ ಯಾಕೆ ಬರೆದಿರಿ?

ನಮ್ಮ ಬೀದಿ ಕೊನೆಯಲ್ಲೊಂದು ಫ್ಲೆಕ್ಸ್ ಇದೆ. ಗಣೇಶನ ಹಬ್ಬಕ್ಕೆ ಕಟ್ಟಿದ್ದು, ರಾಜ್ಯೋತ್ಸವ ಮುಗಿದರೂ ಬಿಚ್ಚಿಲ್ಲ. ಕೈ ಮುಗಿದು ನಿಂತವರ ಹೆಸರಿನ ಕೆಳಗೆ ‘ಸಮಾಜ ಸೇವಕರು’ ಅಂತಿದೆ. ಕಾರ್ಪೊರೇಟರ್ ಆಗುವ ಆಸೆ. ಆಗಲಿ ಪಾಪ. ಆದರೆ ಅವರಿಗೂ ನಿಮಗೂ ಒಂದೇ ಪದವಾ? ನೀವು ಎರಡು ವರ್ಷ ಓದಿದವರು. ಓದುವಾಗಲೇ ಫೀಲ್ಡ್ ವರ್ಕ್ ಅಂತ ಬಿಸಿಲಲ್ಲಿ ಅಲೆದವರು. ಅದಕ್ಕೆ ಕನ್ನಡದಲ್ಲಿ ‘ಸಮಾಜಕಾರ್ಯ’ ಅಂತ ಚೆಂದದ ಹೆಸರೇ ಇದೆ. ಸೇವೆ ಅಂದುಕೊಂಡ ಕೂಡಲೇ ಕೇಳುವ ಬಾಯಿ ಕಟ್ಟಿಹೋಗುತ್ತದೆ. ನೀವೇ ನೋಡಿ, ಬಡ್ತಿ ಕೇಳೋದು ಸ್ವಾರ್ಥವಾ ಅಂತ ನನ್ನ ಅಪ್ಪಣೆ ಬೇಡುತ್ತಿದ್ದೀರಿ. ಯಾವ ಸರ್ಜನ್ ಆದರೂ ಹೀಗೆ ಕೇಳಿದ್ದುಂಟಾ?

ನಮ್ಮ ಭಾವನ ಕಥೆ ಹೇಳುತ್ತೇನೆ. ತುರುವೇಕೆರೆ ಕಡೆಯವರು. ಮೂವತ್ತು ವರ್ಷ ಹೊಗೆಸೊಪ್ಪು, ಅಡಿಕೆ ಕೆನ್ನೆಯಲ್ಲಿ ಇಟ್ಟುಕೊಂಡವರು. ಬಾಯಿ ಕ್ಯಾನ್ಸರ್ ಆಯಿತು. ಆಪರೇಶನ್ ಮುಗಿದ ಮೇಲೆ ‘ಕರೆಂಟ್’ ಕೊಡಬೇಕು ಅಂದರು. ರೇಡಿಯೇಶನ್‌ಗೆ ನಮ್ಮೂರವರು ಇಟ್ಟ ಹೆಸರು ಅದು. ವಾರಕ್ಕೆ ಐದು ದಿನ, ಒಟ್ಟು ಆರು ವಾರ. ಹನ್ನೊಂದನೇ ದಿನ ಭಾವ ಚೀಲ ಕಟ್ಟಿಕೊಂಡು ಕೂತರು. ಸಾಕು, ಊರಿಗೆ ಹೋಗ್ತೀನಿ. ನಡುವೆ ಬಿಟ್ಟರೆ ಗೆಡ್ಡೆ ಮತ್ತೆ ಚಿಗುರುತ್ತೆ ಅಂತ ಡಾಕ್ಟರು ಗದರಿದರು. ಅಕ್ಕ ಅತ್ತಳು. ನಾನು ಸಂಪಾದಕ ಅಲ್ವಾ, ಭಾಷಣ ಮಾಡಿದೆ. ಯಾವುದೂ ನಾಟಲಿಲ್ಲ.

ಆಗ ಅಲ್ಲಿನ ಸೋಶಿಯಲ್ ವರ್ಕರ್ ಬಂದರು. ಸ್ಟೂಲ್ ಎಳೆದುಕೊಂಡು ಕೂತರು. ಕಾಯಿಲೆಯ ಮಾತೇ ಎತ್ತಲಿಲ್ಲ. “ಯಜಮಾನ್ರೇ, ಮನೇಲಿ ಹಸು ಯಾರು ನೋಡ್ಕೊಳ್ತಿದ್ದಾರೆ?” ಅಂದರು, ಅಷ್ಟೇ. ಭಾವನ ಕಣ್ಣಲ್ಲಿ ನೀರು. ಎರಡು ಹಸು, ಡೈರಿಗೆ ಹಾಕುವ ಹಾಲು, ಹಸುವಿನ ಮೇಲಿನ ಸಾಲ. ಪಕ್ಕದ ಮನೆಯ ತಮ್ಮನ ಜೊತೆ ಬೇಲಿ ಜಗಳ, ಐದು ವರ್ಷದಿಂದ ಮಾತಿಲ್ಲ. ಆಕೆ ಭಾವನ ಒಪ್ಪಿಗೆ ಕೇಳಿ ಆ ತಮ್ಮನಿಗೇ ಫೋನ್ ಮಾಡಿದರು. ಸಂಜೆಗೆ ಹಸು ತಮ್ಮನ ಕೊಟ್ಟಿಗೆಯಲ್ಲಿದ್ದವು. ಭಾವ ಮೂವತ್ತೂ ಕರೆಂಟ್ ಮುಗಿಸಿದರು.

ದುಡ್ಡಿನ ದಾರಿ ತೋರಿಸಿದ್ದೂ ಆಕೆಯೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಭಾವನ ಹೆಸರು ರೇಷನ್ ಕಾರ್ಡಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಆ 5 ಲಕ್ಷಕ್ಕೂ ನಮಗೂ ನಡುವೆ ಒಂದು ಇನಿಶಿಯಲ್ ಅಡ್ಡ ನಿಂತಿತ್ತು. ಅದನ್ನು ದಾಟಿಸಿದ್ದೂ ಆಕೆಯೇ.

ಮಾತಾಡೋದಕ್ಕೂ ಟ್ರೇನಿಂಗ್ ಬೇಕಾ ಅಂದವರಿಗೆ ಈ ಹಸುವಿನ ಕಥೆ ಹೇಳಿ. ನಲವತ್ತು ವರ್ಷದಿಂದ ಮಾತೇ ನನ್ನ ಕಸುಬು. ಹಸು ನನಗೆ ಹೊಳೆಯಲಿಲ್ಲ.

ಆಡಳಿತದವರಿಗೂ ಕಷ್ಟ ಇದೆ, ಇಲ್ಲ ಅನ್ನಲ್ಲ. ಇರೋರು ಒಬ್ಬರೇ ಆದರೆ ಎರಡು ದಿನ ಕಳಿಸಿದಾಗ ಕ್ಯೂ ಬೆಳೆಯುತ್ತದೆ. ಹಾಗಾದರೆ ಇಬ್ಬರನ್ನು ಇಟ್ಟುಕೊಳ್ಳಲಿ.

ನಿಮ್ಮ ಕಸುಬು ನಿನ್ನೆ ಮೊನ್ನೆಯದಲ್ಲ. 1905ರಲ್ಲೇ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ಕ್ಯಾಬಟ್ ಅನ್ನೋ ಡಾಕ್ಟರು ಇದನ್ನು ಶುರು ಮಾಡಿದರು. ರೋಗಿ ಮನೆಗೆ ಹೋದ ಮೇಲೆ ಏನಾಗುತ್ತೆ ಅಂತ ಗೊತ್ತಿಲ್ಲದೆ ಬರೆದ ಔಷಧಿ ದಂಡ ಅಂತ ಅವರಿಗೆ ಅನ್ನಿಸಿತ್ತು. ನಮ್ಮ ದೇಶದಲ್ಲಿ 1946ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಗೆ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರು ಬಂದರು. ನನಗೆ ಜಾಸ್ತಿ ಇಷ್ಟ ಸಿಸಿಲಿ ಸಾಂಡರ್ಸ್ ಕಥೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ಅಂದರೆ ಕೊನೆಯ ದಿನಗಳ ರೋಗಿಗಳ ಆರೈಕೆ ಮನೆ, ತೆರೆದವರು. ಎಲ್ಲರೂ ಅವರನ್ನು ಡಾಕ್ಟರ್ ಅಂತ ನೆನೆಯುತ್ತಾರೆ. ಡಾಕ್ಟರ್ ಆಗೋ ಮೊದಲು ಅವರು ನರ್ಸ್, ಆಮೇಲೆ ‘ಆಲ್ಮನರ್’, ಅಂದರೆ ನಿಮ್ಮದೇ ಕೆಲಸ. ನೋವು ಮೈಯಲ್ಲಿ ಮಾತ್ರ ಇರಲ್ಲ, ಮನಸ್ಸಲ್ಲಿ, ಮನೆಯಲ್ಲಿ, ದುಡ್ಡಿನಲ್ಲಿ, ದೇವರ ಜೊತೆಗಿನ ಜಗಳದಲ್ಲೂ ಇರುತ್ತೆ ಅಂತ ಅವರು ಹೇಳಿದ್ದು ಸುಮ್ನೆ ಅಲ್ಲ. ನಮ್ಮ ಮಾರತ್‌ಹಳ್ಳಿ ಕಡೆಯ ಕರುಣಾಶ್ರಯ ಹಾಸ್ಪೀಸ್ ಅದೇ ಬಳ್ಳಿಯ ಹೂವು.

ಇನ್ನು ಆ ಹನ್ನೊಂದು ಹೆಸರು. ಪತ್ರದಲ್ಲಿ ಅದನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ. ಹೆಸರು ಹೊಡೆದುಹಾಕಿದ ಸಂಜೆ ನೀವು ಯಾರ ಜೊತೆ ಮಾತಾಡುತ್ತೀರಿ? ‘ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಮೇಡಂ’ ಅಂತ ಮಗ ಕೈ ಹಿಡಿಯುತ್ತಾನೆ, ‘ನಂಗೇನಾಗಿದೆ ಹೇಳಮ್ಮ’ ಅಂತ ಅಪ್ಪ ಕೇಳುತ್ತಾರೆ. ಆ ಇಬ್ಬರ ನಡುವೆ ನಿಂತು ಮನೆಗೆ ಬಂದ ಮೇಲೆ ಸಾರಿಗೆ ಒಗ್ಗರಣೆ ಹಾಕಬೇಕು. ಈ ಕಸುಬಿನಲ್ಲಿ ಸೂಪರ್‌ವಿಷನ್ ಅಂದರೆ ಒಬ್ಬ ಹಿರಿಯರ ಮುಂದೆ ವಾರಕ್ಕೊಂದು ಗಂಟೆ ಕೂತು, ಎಲ್ಲಿ ಎಡವಿದೆ, ಯಾವುದು ಮನಸ್ಸಿಂದ ಹೋಗುತ್ತಿಲ್ಲ ಅಂತ ಬಿಚ್ಚಿಡೋದು. ನಮ್ಮಲ್ಲಿ ಆ ಪದಕ್ಕೆ ಹಾಜರಿ ಪುಸ್ತಕ ನೋಡೋದು ಅಂತ ಅರ್ಥ. ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಮತ್ತು ನಿಮ್ಹಾನ್ಸ್ ಕೂಗಳತೆಯಲ್ಲಿವೆ. ಮನಸ್ಸಿನ ವಿದ್ಯೆ, ಕ್ಯಾನ್ಸರ್ ವಿದ್ಯೆ ಎರಡೂ ಇರುವ ಊರಲ್ಲಿ ನಿಮಗೆ ಒಂದು ಗಂಟೆಯ ಕಿವಿ ಸಿಗಬಾರದಾ? ಆಸ್ಪತ್ರೆ ಕೊಡದಿದ್ದರೆ ನೀವೇ ಕಟ್ಟಿಕೊಳ್ಳಿ. ಬೇರೆ ಬೇರೆ ಆಸ್ಪತ್ರೆಯ ನಾಲ್ಕು ಜನ, ತಿಂಗಳಿಗೊಂದು ಶನಿವಾರ, ಲಾಲ್‌ಬಾಗ್‌ನ ಒಂದು ಕಲ್ಲು ಬೆಂಚು. ರೋಗಿಗಳ ಹೆಸರು ಬೇಡ, ಕಥೆ ಸಾಕು.

ಕಾನೂನು ಮಟ್ಟಿಗೆ ಬಾಗಿಲು ಸ್ವಲ್ಪ ತೆರೆದಿದೆ. ಡಾಕ್ಟರು, ನರ್ಸು ಅಲ್ಲದ ಆರೋಗ್ಯ ವೃತ್ತಿಗಳಿಗೆ ಮಾನ್ಯತೆ ಕೊಡುವ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಹೆಸರೂ ಇದೆ. ಆ ಪುಟ ಪ್ರಿಂಟ್ ತೆಗೆದು ಮುಂದಿನ ರಜೆ ಅರ್ಜಿಗೆ ಪಿನ್ ಮಾಡಿ.

ಆದರೂ ನನ್ನ ಕೋಪ ಇಳಿದಿಲ್ಲ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ನಾವು ಕೊಡೋದು ಗೌರವಧನ. ಅಂಗನವಾಡಿ ಟೀಚರ್‌ಗೆ ಗೌರವಧನ. ಫ್ರೀಡಂ ಪಾರ್ಕ್‌ನಲ್ಲಿ ಅವರು ರಾತ್ರಿಯೆಲ್ಲ ಚಳಿಯಲ್ಲಿ ಕೂತರೆ ನಮಗೆ ಕಾಣೋದು ಟ್ರಾಫಿಕ್ ಜಾಮ್. ಹೆಂಗಸರು ಹೆಚ್ಚಾಗಿರುವ ಕೆಲಸಕ್ಕೆಲ್ಲ ಹುಡುಕಿ ಹುಡುಕಿ ಗೌರವ, ಸೇವೆ, ತ್ಯಾಗ ಅಂತ ಹೆಸರಿಡುತ್ತೇವೆ. ಸಂಬಳ ಅನ್ನೋ ಪದ ಗಂಟಲಲ್ಲೇ ಉಳಿಯುತ್ತದೆ. ಬೇರೆಯವರನ್ನು ಯಾಕೆ ಬೈಯಲಿ, ನಮ್ಮ ಪತ್ರಿಕೆಯ ವೋಚರ್‌ನಲ್ಲೂ ಲೇಖಕರಿಗೆ ‘ಗೌರವಧನ’ ಅಂತಲೇ ಅಚ್ಚಾಗಿದೆ. ಅಚ್ಚು ಹಾಕಿಸಿದವನು ನಾನೇ.

ನಿಮ್ಮ ಕೆಲಸದ ಒಂದು ದಿನದ ಬಗ್ಗೆ ನಮಗೊಂದು ಲೇಖನ ಬರೆದುಕೊಡಿ. ಹೆಸರು ಬೇಡವಾದರೆ ಬೇಡ, ಆದರೆ ಕೆಳಗೆ ‘ವೈದ್ಯಕೀಯ ಸಮಾಜ ಕಾರ್ಯಕರ್ತೆ’ ಅಂತಿರಬೇಕು. ವೋಚರ್‌ನಲ್ಲಿ ‘ಗೌರವಧನ’ ಹೊಡೆದುಹಾಕಿ, ಕೈಯಲ್ಲೇ ‘ಸಂಭಾವನೆ’ ಅಂತ ಬರೆದು ಕಳಿಸುತ್ತೇನೆ.