ಹಲ್ಲಿಗೆ ಕ್ಲಿಪ್ ಹಾಕಲು ತಲೆಬುರುಡೆ ಯಾಕೆ ಅಳೆಯುತ್ತಾರೆ?

ನಿಮ್ಮ 12 ವರ್ಷದ ಮಗಳ ಮೇಲಿನ ಹಲ್ಲು ಉಬ್ಬಿದೆ ಅಂತ ಮಂಡ್ಯದಲ್ಲಿ ತೋರಿಸಿದ್ದೀರಿ. ಅವರು ತಲೆಗೆ ಪಕ್ಕದಿಂದ ಎಕ್ಸ್‌ರೇ ತೆಗೆಸಿದ್ದಾರೆ. ರಿಪೋರ್ಟಿನಲ್ಲಿ ಎಸ್‌ಎನ್‌ಎ 82, ಎಸ್‌ಎನ್‌ಬಿ 76, ಸ್ಯಾಡಲ್ ಆಂಗಲ್ 131 ಅಂತ ಇದೆ. ಹಲ್ಲಿಗೂ ಬುರುಡೆಗೂ ಏನು ಸಂಬಂಧ, ಇದೆಲ್ಲ ದುಡ್ಡು ಕೀಳೋಕಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಮೈಸೂರಿನಲ್ಲಿ ಹಲ್ಲು ಸರಿಪಡಿಸುವ ಆರ್ಥೊಡಾಂಟಿಸ್ಟ್. ದುಡ್ಡು ಕೀಳೋಕಂತೂ ಅಲ್ಲ.

ಜಮೀನು ಅಳೆಯುವವರು ಮೊದಲು ಬಾಂದುಕಲ್ಲು ಹುಡುಕುತ್ತಾರೆ, ಅಲ್ವಾ? ಇಲ್ಲೂ ಅಷ್ಟೇ. ಹಲ್ಲು ಸರಿಯುತ್ತದೆ, ದವಡೆ ಬೆಳೆಯುತ್ತದೆ. ಅಲುಗಾಡದ ಒಂದು ಗೆರೆ ಬೇಕು. ಮೆದುಳು ಕೂರುವ ಬುರುಡೆಯ ತಳದ ಮುಂಭಾಗ ಸುಮಾರು 7 ವರ್ಷಕ್ಕೇ ಬಹುಪಾಲು ಬೆಳೆದು ಮುಗಿದಿರುತ್ತದೆ. ಅದಕ್ಕೇ ಅದನ್ನು ಹಿಡಿದು ಅಳೆಯುವುದು. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ತಲೆಯನ್ನು ಒಂದೇ ಭಂಗಿಯಲ್ಲಿ ಹಿಡಿದು ಎಕ್ಸ್‌ರೇ ತೆಗೆಯುವ ವಿಧಾನ ತೋರಿಸಿಕೊಟ್ಟರು. ಮಗಳ ಕಿವಿಗೆ ಎರಡು ಕಡ್ಡಿ ಇಟ್ಟಿದ್ದು ಅದಕ್ಕೇ.

ಗೆರೆ ಎಳೆಯುವುದು ಹೀಗೆ. ಫಿಲ್ಮಿನ ನಡುವೆ, ಕಣ್ಣಿನ ಗೂಡಿಗಿಂತ ಹಿಂದೆ, ಸಣ್ಣ ಬಟ್ಟಲಿನಂಥ ತಗ್ಗು ಕಾಣುತ್ತದೆ. ಪಿಟ್ಯುಟರಿ ಗ್ರಂಥಿ ಕೂರುವ ಜಾಗ ಅದು. ಅದರ ನಡುಮಧ್ಯ ಕಣ್ಣಂದಾಜಿನಲ್ಲಿ ಇಡುವ ಚುಕ್ಕಿ ಸೆಲ್ಲಾ, ಅಂದರೆ ಎಸ್. ಹಣೆಮೂಳೆ ಮೂಗಿನ ಮೂಳೆಗೆ ಸೇರುವ ಕಡೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಇರುತ್ತದೆ. ಅದರ ಮುಂದಿನ ತುದಿ ನೇಸಿಯಾನ್, ಎನ್. ಇವೆರಡರ ನಡುವಿನ ಗೆರೆಯಿಂದ ಮೇಲ್ದವಡೆಯ ಎ ಚುಕ್ಕಿಗೆ ಎನ್ ಹತ್ತಿರ ಆಗುವ ಕೋನವೇ ಎಸ್‌ಎನ್‌ಎ, ಸರಾಸರಿ 82 ಡಿಗ್ರಿ; ಕೆಳದವಡೆಯ ಬಿ ಚುಕ್ಕಿಗೆ ಆಗುವುದು ಎಸ್‌ಎನ್‌ಬಿ, ಸರಾಸರಿ 80.

ನಿಮ್ಮ ರಿಪೋರ್ಟಿನ ಪ್ರಕಾರ ಮೇಲ್ದವಡೆ ತನ್ನ ಜಾಗದಲ್ಲೇ ಇದೆ. ಕೆಳದವಡೆ ಹಿಂದಿದೆ. ಅಂದರೆ ಉಬ್ಬಿರುವಂತೆ ಕಾಣಲು ಮೇಲಿನ ಹಲ್ಲೊಂದೇ ಕಾರಣವಲ್ಲ. ಸ್ಯಾಡಲ್ ಆಂಗಲ್ ಬುರುಡೆಯ ತಳ ಎಷ್ಟು ಬಾಗಿದೆ ಅಂತ ಹೇಳುತ್ತದೆ. ಸರಾಸರಿ 123, ಐದು ಆಚೀಚೆ. 131 ಅಂದರೆ ತಳ ಜಾಸ್ತಿ ಚಪ್ಪಟೆ. ಆಗ ದವಡೆಯ ಕೀಲು ಹಿಂದಕ್ಕೆ ಕೂರುತ್ತದೆ, ಕೆಳದವಡೆಯೂ ಅದರ ಜೊತೆ ಹಿಂದೆ. ಈ ಕೋನವನ್ನು ಯಾವ ಕ್ಲಿಪ್ಪೂ ಬದಲಿಸುವುದಿಲ್ಲ. ಆದರೆ ಇಂಥ ಮಗುವಿನ ಮೇಲಿನ ಹಲ್ಲು ಕಿತ್ತು ಒಳಗೆಳೆಯುವ ಮೊದಲು ಎರಡು ಸಲ ಯೋಚಿಸಬೇಕು.

ಆದರೆ ಬಾಂದುಕಲ್ಲೇ ಸರಿದಿದ್ದರೆ? ಅದೂ ಆಗುತ್ತದೆ. ಎನ್ ಕೆಲವರಲ್ಲಿ ಮುಂದಿರುತ್ತದೆ, ಕೆಲವರಲ್ಲಿ ಹಿಂದೆ. ಆಗ ದವಡೆ ಹಾಗೇ ಇದ್ದರೂ ಡಿಗ್ರಿ ಬದಲಾಗುತ್ತದೆ. ಅದಕ್ಕೇ ನಾನು ವಿಟ್ಸ್ ಅನ್ನುವ ಅಳತೆಯನ್ನೂ ನೋಡುತ್ತೇನೆ. ಅದರಲ್ಲಿ ಬುರುಡೆಯ ಹಂಗಿಲ್ಲ, ಹಲ್ಲು ಕಚ್ಚುವ ಗೆರೆಯ ಮೇಲೆ ಎರಡೂ ದವಡೆ ಎಲ್ಲಿ ಬೀಳುತ್ತವೆ ಅಂತ ಅಳೆಯುವುದು. ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು. ಸ್ಯಾಡಲ್ ಆಂಗಲ್‌ಗೆ ಎನ್, ಎಸ್ ಜೊತೆ ಬೇಕಾಗುವ ಮೂರನೇ ಚುಕ್ಕಿ ಆರ್ಟಿಕ್ಯುಲೇರ್ ಇನ್ನೂ ತರಲೆ. ಅದು ಮೂಳೆಯ ಮೇಲಿನ ಜಾಗವೇ ಅಲ್ಲ. ಬುರುಡೆ ತಳದ ನೆರಳು ಮತ್ತು ಕೆಳದವಡೆಯ ಹಿಂಬದಿಯ ನೆರಳು ಒಂದನ್ನೊಂದು ದಾಟುವ ಕಡೆ ಅಷ್ಟೇ. ಮಗು ಸ್ವಲ್ಪ ಬಾಯಿ ತೆರೆದಿದ್ದರೂ ಅದು ಸರಿಯುತ್ತದೆ. ನಿಮ್ಮ ಫಿಲ್ಮಿನಲ್ಲಿ ಹಿಂದಿನ ಹಲ್ಲುಗಳು ಕಚ್ಚಿಕೊಂಡಿವೆಯಾ ನೋಡಿ.

ಇನ್ನೊಂದು ಮಾತು: ಈ ಸರಾಸರಿಗಳು ಹೆಚ್ಚಾಗಿ ಅಮೆರಿಕ, ಯುರೋಪಿನ ಬಿಳಿಯರನ್ನು ಅಳೆದು ಬಂದವು. ನಮ್ಮ ಕಡೆಯ ಮುಖಕ್ಕೆ ಅವನ್ನು ಅಕ್ಷರಶಃ ಹಚ್ಚಬಾರದು. ಒಂದೆರಡು ಡಿಗ್ರಿಗೆ ತಲೆ ಕೆಡಿಸಿಕೊಳ್ಳಬೇಡಿ.

ಅದೇ ಫಿಲ್ಮಿನಲ್ಲಿ ಕತ್ತಿನ ಮೂಳೆಗಳೂ ಇವೆ. ಎರಡನೆಯದರಿಂದ ನಾಲ್ಕನೆಯದರವರೆಗೆ ಆಕಾರ ನೋಡಿದರೆ ಮಗಳ ಬೆಳವಣಿಗೆಯ ಓಟ ಇನ್ನೂ ಬಾಕಿಯಿದೆಯಾ, ಮುಗಿಯಿತಾ ಅಂತ ಅಂದಾಜು ಸಿಗುತ್ತದೆ. ಬಾಕಿ ಇದ್ದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಟ್ವಿನ್ ಬ್ಲಾಕ್‌ನಂಥ ಸಾಧನಕ್ಕೆ ಇದೇ ಸಮಯ. ನಿಮ್ಮ ಡಾಕ್ಟರನ್ನು ಮೊದಲು ಕೇಳಬೇಕಾದ್ದು ಇದನ್ನೇ. ರೇಡಿಯೇಶನ್ ಬಗ್ಗೆ ಭಯ ಬೇಡ, ಸಾಮಾನ್ಯವಾಗಿ ಎದೆಯ ಎಕ್ಸ್‌ರೇಗಿಂತ ಕಮ್ಮಿ.

ಮೈಸೂರಿನಲ್ಲಿ ಎರಡನೇ ಅಭಿಪ್ರಾಯ ಕೇಳುವುದಾದರೆ ಹೊಸದಾಗಿ ತೆಗೆಸಬೇಡಿ. ಎಕ್ಸ್‌ರೇ ಸೆಂಟರಿನಿಂದ ಮೂಲ ಡಿಜಿಟಲ್ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಮಿಲಿಮೀಟರ್ ಲೆಕ್ಕ ಹೋಗಿಬಿಡುತ್ತದೆ, ಓರೆಯಾಗಿ ತೆಗೆದಿದ್ದರೆ ಡಿಗ್ರಿಯೂ ಕೆಡುತ್ತದೆ.