ಬಿಲ್ಲಿಲ್ಲದ ವ್ಯಾಪಾರವೆಲ್ಲ ಕಪ್ಪುಹಣವೇ?

ಪ್ರಶ್ನೆ: ಮಂಡ್ಯ ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ಕಬ್ಬು ಕೊಟ್ಟವರಿಗೆ, ಆಳುಗಳಿಗೆ ಎಲ್ಲ ನಗದಿನಲ್ಲೇ ಬಟವಾಡೆ, ಬಿಲ್ಲಿಲ್ಲ. ಮೈಸೂರಿನಲ್ಲಿ ಎಂ.ಎ. ಓದುವ ಮಗಳು ಇದನ್ನು ‘ನೆರಳು ಆರ್ಥಿಕತೆ’, ಅಂದರೆ ಸರ್ಕಾರದ ಕಣ್ಣಿಗೆ ಬೀಳದ ವ್ಯವಹಾರ, ಎನ್ನುತ್ತಾಳೆ. ಲೆಕ್ಕಕ್ಕೇ ಸಿಗದ್ದನ್ನು ಅಳೆಯುವುದು ಹೇಗೆ ಸರ್?

ಉತ್ತರ: ಬಿಲ್ಲಿಲ್ಲದ್ದು ಬೇರೆ, ಬಚ್ಚಿಟ್ಟದ್ದು ಬೇರೆ. ನೀವು ಅರೆಯುವ ಕಬ್ಬು ಜಿಡಿಪಿಯಲ್ಲಿ ಆಗಲೇ ಸೇರಿದೆ. ಬಿತ್ತಿದ ವಿಸ್ತೀರ್ಣ, ಬೆಳೆ ಕಟಾವು ಪ್ರಯೋಗದಲ್ಲಿ ಸಿಕ್ಕ ಇಳುವರಿ, ಇವೆರಡರಿಂದ ಸರ್ಕಾರ ಅದನ್ನು ಅಂದಾಜು ಮಾಡುತ್ತದೆ. ಸಣ್ಣ ಉದ್ದಿಮೆಗಳಿಗೆ ಮಾದರಿ ಸಮೀಕ್ಷೆ ಇದೆ. ಕೂಲಿಯನ್ನು ನಗದಿನಲ್ಲಿ ಪಡೆದವರನ್ನು ಕಪ್ಪುಹಣದ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ಒಂದು ಮಾತು: ಬೇರೆಯವರ ಕಬ್ಬು ಕೊಂಡು ಬೆಲ್ಲ ಮಾಡಿದ ಲಾಭ ಕೃಷಿ ವರಮಾನವಲ್ಲ. ಅದು ತೆರಿಗೆಯ ಮಿತಿ ದಾಟಿಯೂ ಮುಚ್ಚಿಟ್ಟರೆ ಮಗಳು ಹೇಳಿದ್ದು ನಿಜವಾಗುತ್ತದೆ.

ಇನ್ನು ಅಳತೆ. ಅರ್ಥಶಾಸ್ತ್ರಜ್ಞ ವಿಟೊ ತಾಂಜಿ ಬಳಕೆಗೆ ತಂದ ನಗದು ವಿಧಾನದಲ್ಲಿ, ತೆರಿಗೆಯ ಭಾರದಿಂದಾಗಿ ಜನ ಹೆಚ್ಚುವರಿಯಾಗಿ ಇಟ್ಟುಕೊಳ್ಳುವ ನಗದೇ ಗುಟ್ಟಿನ ವ್ಯವಹಾರದ ಸುಳಿವು. ಆದರೆ ನಮ್ಮಲ್ಲಿ ನಗದು ರೂಢಿಯೂ ಹೌದು, ಹಾಗಾಗಿ ನಗದೆಲ್ಲ ಗುಟ್ಟಲ್ಲ. ಬಚ್ಚಿಟ್ಟ ಸಂಪತ್ತು ನೋಟಿನಲ್ಲೇ ಇರಬೇಕೆಂದೂ ಇಲ್ಲ: 2016ರಲ್ಲಿ ರದ್ದಾದ ನೋಟುಗಳ ಮೌಲ್ಯದಲ್ಲಿ ಶೇ 99ಕ್ಕಿಂತ ಹೆಚ್ಚು ಬ್ಯಾಂಕಿಗೆ ಮರಳಿತು.

ಇನ್ನೊಂದು ವಿಧಾನ ಕರೆಂಟಿನ ಬಳಕೆಯನ್ನು ನೋಡುತ್ತದೆ. ಅದು ಜಿಡಿಪಿಗಿಂತ ಬೇಗ ಏರಿದರೆ ಆ ಅಂತರವೇ ನೆರಳು. ಮಂಡ್ಯದಲ್ಲಿ ನಿಂತು ಯೋಚಿಸಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಬಹಳಷ್ಟಕ್ಕೆ ಮೀಟರೇ ಇಲ್ಲ, ಆ ಬಳಕೆಯೇ ಒಂದು ಅಂದಾಜು. ನಿಮ್ಮ ಕೊಪ್ಪರಿಗೆಯ ಕೆಳಗೆ ಉರಿಯುವುದೋ ಕಬ್ಬಿನ ಸಿಪ್ಪೆ. ಇಂಥ ಕಡೆ ಈ ವಿಧಾನವನ್ನು ನಾನು ನೆಚ್ಚುವುದಿಲ್ಲ.

ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಷ್ನೈಡರ್ ಹೆಸರಿನ ಜೊತೆ ಕೇಳಿಬರುವ ಮಾದರಿ ತೆರಿಗೆ, ನಿರುದ್ಯೋಗದಂಥ ಕಾರಣಗಳನ್ನೂ ನಗದಿನಂಥ ಲಕ್ಷಣಗಳನ್ನೂ ಒಟ್ಟಿಗೆ ಇಟ್ಟು ಸೂಚ್ಯಂಕ ಕೊಡುತ್ತದೆ. ಅದನ್ನು ಶೇಕಡಾವಾರು ಮಾಡಲು ಮತ್ತೆ ಬೇರೊಂದು ವಿಧಾನದ ಅಂಕಿಯನ್ನೇ ಎರವಲು ತರಬೇಕು.

ಭಾರತದಲ್ಲಿ ಎನ್‌ಐಪಿಎಫ್‌ಪಿ, ಎನ್‌ಸಿಎಇಆರ್, ಎನ್‌ಐಎಫ್‌ಎಂ ಎಂಬ ಮೂರು ಆರ್ಥಿಕ ಅಧ್ಯಯನ ಸಂಸ್ಥೆಗಳು ಅಳೆದು ನೋಡಿದವು. ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಸಂಸದೀಯ ಹಣಕಾಸು ಸ್ಥಾಯಿ ಸಮಿತಿ 2019ರ ವರದಿಯಲ್ಲಿ ಹೇಳಿದಂತೆ, ಲೆಕ್ಕಕ್ಕೆ ಸಿಗದ ವರಮಾನದ ಅಂದಾಜುಗಳು ಜಿಡಿಪಿಯ ಶೇ 7ರಿಂದ ಶೇ 120ರವರೆಗೆ ಇವೆ. ಮಗಳು ಅಂಕಿಯೊಂದನ್ನು ಹೇಳಿದಾಗ, ಯಾವ ವಿಧಾನದ್ದು, ಹೋಲಿಕೆಗಾಗಿ ಯಾವ ವರ್ಷದಲ್ಲಿ ನೆರಳೇ ಇರಲಿಲ್ಲವೆಂದು ಇಟ್ಟುಕೊಂಡಿದ್ದಾರೆ ಎಂದು ಕೇಳಿ. ಅವಳ ಮೇಷ್ಟ್ರಿಗೂ ಅದೇ ಪ್ರಶ್ನೆ ಹಾಕಲಿ.